ಸೀಟು ಸಿಕ್ಕರೆ ತಾನೆ ಓಡಿಸೋದು

ಫಾರ್ಮುಲಾ 1 (ಎಫ್1) ಸಂಸ್ಥೆ ಹೆಂಗಸರಿಗೆಂದೇ ನಡೆಸುವ ಕಾರ್ ರೇಸ್ ಸರಣಿ ಎಫ್1 ಅಕಾಡೆಮಿ ಬಗ್ಗೆ ಮಾತು ಬಂದ ತಕ್ಷಣ ಯಾರಾದರೂ ಕೇಳಿಯೇ ಕೇಳುತ್ತಾರೆ: ಕಾರಿಗೆ ಗಂಡು ಹೆಣ್ಣು ಅಂತ ಭೇದ ಇಲ್ಲವಲ್ಲ, ಹೆಂಗಸರಿಗೆ ಬೇರೆ ರೇಸ್ ಯಾಕೆ?

ಕೇಳಬೇಕಾದ ಪ್ರಶ್ನೆಯೇ. ಹೆಂಗಸರು ಫಾರ್ಮುಲಾ 1 ಓಡಿಸಬಾರದು ಅಂತ ನಿಯಮ ಎಲ್ಲೂ ಇಲ್ಲ. 1958ರಲ್ಲೇ ಇಟಲಿಯ ಮರಿಯಾ ತೆರೇಸಾ ದೆ ಫಿಲಿಪ್ಪಿಸ್ ಓಡಿಸಿದ್ದರು. 1975ರ ಸ್ಪೇನ್ ಗ್ರಾಂಡ್ ಪ್ರಿಯಲ್ಲಿ ಲೆಲ್ಲಾ ಲೊಂಬಾರ್ಡಿ ಆರನೆಯವರಾಗಿ ಬಂದರು. ರೇಸ್ ಅರ್ಧಕ್ಕೇ ನಿಂತಿದ್ದರಿಂದ ಅವರಿಗೆ ಸಿಕ್ಕಿದ್ದು ಅರ್ಧ ಪಾಯಿಂಟ್. ಎಫ್1 ಚಾಂಪಿಯನ್‌ಶಿಪ್‌ನಲ್ಲಿ ಇದುವರೆಗೆ ಹೆಂಗಸೊಬ್ಬರು ಗಳಿಸಿದ ಪಾಯಿಂಟ್ ಅಂದರೆ ಅಷ್ಟೇ. 1976ರ ನಂತರ ಒಬ್ಬರೂ ಎಫ್1 ಚಾಂಪಿಯನ್‌ಶಿಪ್ ರೇಸ್ ಸ್ಟಾರ್ಟ್ ಮಾಡಿಲ್ಲ. ಯಾರೂ ತಡೆಯದೆ ಇಷ್ಟು ವರ್ಷ ಹೀಗೇ ಕಳೆದಿದೆ ಅಂದರೆ, ಕಾರಣವನ್ನು ಕೆಳಗಿನ ಮೆಟ್ಟಿಲುಗಳಲ್ಲಿ ಹುಡುಕಬೇಕು.

ಆ ಮೆಟ್ಟಿಲುಗಳು ಹೇಗಿವೆ ನೋಡಿ. ಏಳೆಂಟು ವರ್ಷಕ್ಕೆ ಕಾರ್ಟಿಂಗ್ ಶುರು, ಅಂದರೆ ಪುಟ್ಟ ರೇಸ್ ಗಾಡಿ ಓಡಿಸುವುದು. ಹದಿನೈದಕ್ಕೆ ಫಾರ್ಮುಲಾ 4, ಅಂದರೆ ಎಫ್4. ಆಮೇಲೆ ಎಫ್3, ಎಫ್2. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಖರ್ಚು ಹಲವು ಪಟ್ಟು ಏರುತ್ತದೆ. ಅಪ್ಪ ಅಮ್ಮ ಹಾಕಬೇಕು, ಇಲ್ಲ ಸ್ಪಾನ್ಸರ್ ಹಾಕಬೇಕು. ಸ್ಪಾನ್ಸರ್ ಫಲಿತಾಂಶ ಕೇಳುತ್ತಾನೆ. ಫಲಿತಾಂಶ ಬರಬೇಕಾದರೆ ಕಾರಿನಲ್ಲಿ ಕೂತು ಸುತ್ತು ಹಾಕುತ್ತಲೇ ಇರಬೇಕು. ಅದಕ್ಕೆ ಮತ್ತೆ ದುಡ್ಡು ಬೇಕು. ಕಾರ್ಟಿಂಗ್‌ನಲ್ಲೇ ಹುಡುಗಿಯರು ಕಡಿಮೆ. ಹಾಗಾಗಿ ಮೇಲೆ ಹೋಗುತ್ತಾ ಹೋಗುತ್ತಾ ಒಬ್ಬಿಬ್ಬರು ಉಳಿಯುತ್ತಾರೆ, ಕೊನೆಗೆ ಅವರೂ ಇರುವುದಿಲ್ಲ. ಹಾಗಾಗಿ ಹೆಂಗಸರ ಚಾಂಪಿಯನ್‌ಶಿಪ್ ಯಾವುದೇ ಇರಲಿ, ನಾನು ಮೊದಲು ನೋಡುವುದು ಎರಡು ವಿಷಯ. ದುಡ್ಡು ಯಾರು ಕೊಡುತ್ತಾರೆ? ಅಲ್ಲಿಂದ ಹೊರಬಂದ ಹುಡುಗಿ ಎಲ್ಲಿಗೆ ಹೋಗುತ್ತಾಳೆ?

2019ರಲ್ಲಿ ಶುರುವಾದ ಹೆಂಗಸರ ರೇಸ್ ಸರಣಿ ಡಬ್ಲ್ಯೂ ಸೀರೀಸ್ ಮೊದಲ ಪ್ರಶ್ನೆಗೆ ದೊಡ್ಡ ಮನಸ್ಸಿನ ಉತ್ತರ ಕೊಟ್ಟಿತ್ತು. ಚಾಲಕಿಯರು ಒಂದು ಪೈಸೆ ಕೊಡಬೇಕಾಗಿರಲಿಲ್ಲ. ಚೆನ್ನಾಗಿ ಓಡಿಸುವವರನ್ನು ಪರೀಕ್ಷೆ ಮಾಡಿ ಆರಿಸಿದರು. ಮೊದಲ ಸೀಸನ್‌ನಲ್ಲಿ ಒಬ್ಬರಿಗೇ ಒಳ್ಳೆಯ ಕಾರು ಸಿಗದಿರಲಿ ಅಂತ ರೇಸಿನಿಂದ ರೇಸಿಗೆ ಕಾರುಗಳನ್ನೂ ಅದಲುಬದಲು ಮಾಡುತ್ತಿದ್ದರು. ಗೆದ್ದವರಿಗೆ ಐದು ಲಕ್ಷ ಡಾಲರ್. ಬ್ರಿಟನ್ನಿನ ಜೇಮಿ ಚಾಡ್ವಿಕ್ 2019, 2021, 2022 ಮೂರೂ ಸಲ ಗೆದ್ದರು. 2020ರ ಸೀಸನ್ ಕೋವಿಡ್‌ನಿಂದ ನಡೆಯಲಿಲ್ಲ. ಆದರೆ ಇಷ್ಟೆಲ್ಲ ಖರ್ಚು ಒಂದೇ ಜೇಬಿನಿಂದ ಬರುತ್ತಿತ್ತು. 2022ರ ಅಕ್ಟೋಬರಿನಲ್ಲಿ ಜೇಬು ಖಾಲಿಯಾಯಿತು. ಕೊನೆಯ ರೇಸ್‌ಗಳು ನಡೆಯದೆ ಸೀಸನ್ ಮುಗಿಯಿತು, ಮರುವರ್ಷ ಕಂಪನಿಯೇ ಮುಚ್ಚುವ ಸ್ಥಿತಿಗೆ ಬಂತು. ಮೂರು ಸಲ ಗೆದ್ದ ಚಾಡ್ವಿಕ್‌ಗೂ ಎಫ್3 ಸೀಟು ಸಿಗಲಿಲ್ಲ. ಈಗಲೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಎಫ್1 ಅಕಾಡೆಮಿ 2023ರಲ್ಲಿ ಶುರುವಾಯಿತು. ನಡೆಸುವುದು ಎಫ್1 ಸಂಸ್ಥೆಯೇ, ಮುಖ್ಯಸ್ಥೆ ಸೂಸಿ ವೊಲ್ಫ್. 2014ರಲ್ಲಿ ಬ್ರಿಟನ್ನಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನಲ್ಲಿ ರೇಸಿಗೆ ಮುಂಚಿನ ಅಭ್ಯಾಸದಲ್ಲಿ ವಿಲಿಯಮ್ಸ್ ತಂಡದ ಎಫ್1 ಕಾರು ಓಡಿಸಿದವರು ಅವರು. ಒಂದು ಕಾರಿನ ಸೀಸನ್ ಖರ್ಚಿನಲ್ಲಿ ಒಂದೂವರೆ ಲಕ್ಷ ಯೂರೋ ಎಫ್1 ಹಾಕಿತು. ಅಷ್ಟೇ ಮೊತ್ತ ಚಾಲಕಿ ತರಬೇಕಿತ್ತು, ಮಿಕ್ಕಿದ್ದು ತಂಡದ್ದು. 2024ಕ್ಕೆ ಚಾಲಕಿಯ ಪಾಲು ಒಂದು ಲಕ್ಷ ಯೂರೋಗೆ ಇಳಿಯಿತು. ಪ್ರೆಮಾ, ಎಆರ್‌ಟಿ, ಕ್ಯಾಂಪೋಸ್‌ನಂಥ ನಿಜವಾದ ರೇಸಿಂಗ್ ತಂಡಗಳು ಕಾರು ನೋಡಿಕೊಳ್ಳುತ್ತವೆ. ಇದು ನನಗೆ ತುಂಬ ಮುಖ್ಯ ಅನಿಸುತ್ತದೆ. ಇವೇ ತಂಡಗಳು ಎಫ್3, ಎಫ್2ನಲ್ಲೂ ಇವೆ. ಹುಡುಗಿ ತನ್ನ ಇಂಜಿನಿಯರ್ ಜೊತೆ ವರ್ಷವಿಡೀ ಕೂತು ಡೇಟಾ ನೋಡುತ್ತಾಳೆ, ಟೈರಿನ ಗಾಳಿಯಿಂದ ಹಿಡಿದು ಕಾರಿನ ರೆಕ್ಕೆಯ ಕೋನದ ತನಕ ಕಲಿಯುತ್ತಾಳೆ. ಕಾರು ಅದಲುಬದಲಾದರೆ ಈ ಕಲಿಕೆ ಆಗುವುದಿಲ್ಲ. 2024ರಿಂದ ಎಲ್ಲ ರೇಸ್‌ಗಳೂ ಎಫ್1 ರೇಸ್ ಇರುವ ವಾರಾಂತ್ಯದಲ್ಲೇ ನಡೆಯುತ್ತಿವೆ, ಒಂದೊಂದು ಎಫ್1 ತಂಡ ಒಬ್ಬೊಬ್ಬ ಚಾಲಕಿಗೆ ತನ್ನ ಬಣ್ಣ, ಹೆಸರು ಕೊಟ್ಟಿದೆ.

ಕಾರು ಎಫ್4 ದರ್ಜೆಯದು. ಟಟೂಸ್ ಕಂಪನಿಯ ಚಾಸಿ (ಕಾರಿನ ಚೌಕಟ್ಟು), 1.4 ಲೀಟರ್ ಟರ್ಬೊ ಇಂಜಿನ್. ಎಲ್ಲರಿಗೂ ಒಂದೇ. ಎಫ್1ನಲ್ಲಿ ಇರುವಂತೆ ಓವರ್‌ಟೇಕ್ ಮಾಡಲು ಗುಂಡಿ ಒತ್ತುವ ಸೌಲಭ್ಯ ಯಾವುದೂ ಇಲ್ಲ. ಪವರ್ ಸ್ಟೀರಿಂಗ್ ಕೂಡ ಇಲ್ಲ.

ರೇಸ್ ನಡೆಯುವ ರೀತಿ ನನಗೆ ಬಹಳ ಇಷ್ಟ. 2025ರ ಕ್ರಮ ಹೇಳುತ್ತೇನೆ. ಅಭ್ಯಾಸ ಮುಗಿದ ಮೇಲೆ ಅರ್ಧ ಗಂಟೆಯ ಒಂದೇ ಕ್ವಾಲಿಫೈಯಿಂಗ್, ಅಂದರೆ ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ವೇಗದ ಪರೀಕ್ಷೆ. ಹದಿನೆಂಟು ಕಾರು ಒಟ್ಟಿಗೇ ಟ್ರ್ಯಾಕಿಗೆ ಇಳಿಯುತ್ತವೆ. ಟೈರು ಬಿಸಿಯಾಗಬೇಕು. ಮುಂದೆ ಯಾರೂ ಅಡ್ಡ ಬರಬಾರದು. ಆದರೆ ನೇರ ರಸ್ತೆಯಲ್ಲಿ ಗಾಳಿ ಸೀಳಲು ಮುಂದೆ ಒಂದು ಕಾರು ಇದ್ದರೆ ಲಾಭ! ಈ ಲೆಕ್ಕ ತಪ್ಪಿದರೆ ಇಡೀ ವಾರಾಂತ್ಯವೇ ಹೋಯಿತು. ಮೊದಲ ರೇಸಿಗೆ ಅಗ್ರ ಎಂಟು ಸ್ಥಾನಗಳನ್ನು ತಿರುಗಿಸಿ ನಿಲ್ಲಿಸುತ್ತಾರೆ. ಅತಿ ವೇಗದ ಹುಡುಗಿ ಎಂಟನೆಯವಳಾಗಿ ನಿಲ್ಲುತ್ತಾಳೆ, ಎಂಟನೆಯವಳು ಪೋಲ್‌ನಲ್ಲಿ, ಅಂದರೆ ಎಲ್ಲರಿಗಿಂತ ಮುಂದೆ. ಈ ರೇಸ್ ಗೆದ್ದರೆ 10 ಪಾಯಿಂಟ್. ಎರಡನೇ ರೇಸ್‌ನಲ್ಲಿ ಕ್ವಾಲಿಫೈಯಿಂಗ್ ಕ್ರಮದಲ್ಲೇ ಕಾರು ನಿಲ್ಲುತ್ತವೆ, ಗೆದ್ದವರಿಗೆ 25.

ಎಂಟನೇ ಜಾಗದಿಂದ ಹೊರಟವಳನ್ನು ಒಮ್ಮೆ ಗಮನಿಸಿ. ಮುಂದೆ ಏಳು ಕಾರು. ಎಲ್ಲವೂ ತನ್ನಂಥದ್ದೇ, ಅಷ್ಟೇ ಶಕ್ತಿಯದ್ದೇ. ಮುಂದಿನ ಕಾರಿನ ಬಾಲ ಹಿಡಿದು ನೇರ ರಸ್ತೆಯಲ್ಲಿ ಹತ್ತಿರ ಸರಿಯುತ್ತಾಳೆ. ತಿರುವು ಬರುವಾಗ ಮುಂದಿನವಳಿಗಿಂತ ಒಂದಿಷ್ಟು ತಡವಾಗಿ ಬ್ರೇಕ್ ಒತ್ತಬೇಕು, ಒಳಗಡೆ ಮೂತಿ ತೂರಿಸಬೇಕು. ಸ್ವಲ್ಪ ಜಾಸ್ತಿ ತಡ ಮಾಡಿದರೆ ಚಕ್ರ ಲಾಕ್ ಆಗಿ ಟೈರು ಸವೆಯುತ್ತದೆ, ಹೊರಗೆ ಜಾರುತ್ತಾಳೆ, ಹಿಂದಿದ್ದವಳು ದಾಟಿ ಹೋಗುತ್ತಾಳೆ. ಇದನ್ನು ಸಿಮ್ಯುಲೇಟರ್‌ನಲ್ಲಿ ಕಲಿಯೋಕೆ ಆಗಲ್ಲ. ಪಕ್ಕದಲ್ಲಿ ನಿಜವಾದ ಕಾರು ಇರಬೇಕು.

ಇಲ್ಲಿ ಕಲಿತದ್ದು ಹೊರಗೆ ಉಪಯೋಗಕ್ಕೆ ಬರುತ್ತದಾ? ಬ್ರಿಟನ್ನಿನ ಚಾಲಕಿ ಆಬಿ ಪುಲ್ಲಿಂಗ್ ಅವರನ್ನು ನೋಡಿ. 2021ರಲ್ಲಿ ದುಡ್ಡು ಸಾಲದೆ ಬ್ರಿಟಿಷ್ ಎಫ್4 ಸೀಸನ್ನನ್ನು ನಡುವೆಯೇ ಬಿಡಬೇಕಾಗಿ ಬಂದಿತ್ತು. ಡಬ್ಲ್ಯೂ ಸೀರೀಸ್ ಸೀಟು ಕೊಟ್ಟಿತು, ಅದು ನಿಂತ ಮೇಲೆ ಎಫ್1 ಅಕಾಡೆಮಿ. 2024ರಲ್ಲಿ ಅಲ್ಲಿ ಒಂಬತ್ತು ರೇಸ್ ಗೆದ್ದು ಚಾಂಪಿಯನ್ ಆದರು. ಅದೇ ವರ್ಷ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ ಹುಡುಗರ ನಡುವೆ ಓಡಿಸಿ, ಬ್ರಿಟಿಷ್ ಎಫ್4 ರೇಸ್ ಗೆದ್ದ ಮೊದಲ ಮಹಿಳೆಯಾದರು. ಮೂರು ವರ್ಷದ ಹಿಂದೆ ದುಡ್ಡಿಲ್ಲದೆ ಬಿಟ್ಟುಹೋದ ಅದೇ ಸರಣಿ ಅದು. ಆ ಹುಡುಗಿಯ ಕೈಚಳಕ ಆಗಲೂ ಇತ್ತು. ಸೀಟು ಇರಲಿಲ್ಲ ಅಷ್ಟೇ.

ಹಾಗಂತ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಸಾಮಾನ್ಯವಾಗಿ ಇಲ್ಲಿ ಎರಡು ಸೀಸನ್ ಮಾತ್ರ ಇರಲು ಬಿಡುತ್ತಾರೆ. ಅದು ಒಳ್ಳೆಯದೇ, ಹೊಸಬರಿಗೆ ಜಾಗ ಆಗಬೇಕು. ಚಾಂಪಿಯನ್ ಆದವರಿಗೆ ಪೂರ್ತಿ ಖರ್ಚು ಹಾಕಿ ಮುಂದಿನ ಮೆಟ್ಟಿಲಿನಲ್ಲಿ ಸೀಟು ಕೊಡುತ್ತಾರೆ. 2023ರ ಚಾಂಪಿಯನ್ ಮಾರ್ತಾ ಗಾರ್ಸಿಯಾಗೆ ಫಾರ್ಮುಲಾ ರೀಜನಲ್ ಸೀಟು ಸಿಕ್ಕಿತು, ಪುಲ್ಲಿಂಗ್‌ಗೆ ಬ್ರಿಟನ್ನಿನ ಜಿಬಿ3 ಸೀಟು; ಎರಡೂ ಎಫ್4ಗಿಂತ ಮೇಲಿನ, ಎಫ್3ಗಿಂತ ಕೆಳಗಿನ ಸರಣಿಗಳು. ಇದೂ ಒಳ್ಳೆಯದೇ. ಆದರೆ ಒಂದೇ ವರ್ಷಕ್ಕೆ, ಒಬ್ಬರಿಗೇ. ಅಲ್ಲೇ ನನ್ನ ತಕರಾರು.

ಎಫ್4 ಕಾರಿನಿಂದ ಮೇಲಿನ ಕಾರಿಗೆ ಹಾರುವುದು ಸಣ್ಣ ಮಾತಲ್ಲ. ಶಕ್ತಿ ಜಾಸ್ತಿ, ತಿರುವಿನಲ್ಲಿ ಕಾರನ್ನು ನೆಲಕ್ಕೆ ಒತ್ತುವ ಗಾಳಿ ಜಾಸ್ತಿ, ಸ್ಟೀರಿಂಗ್ ಭಾರ. 2024ರ ಎಫ್2 ಕಾರು ಮಾಡುವಾಗ, ಎಲ್ಲ ಥರದ ಮೈಕಟ್ಟಿನವರಿಗೂ ಒಗ್ಗಲಿ ಅಂತ ಸ್ಟೀರಿಂಗ್ ಭಾರದ ಬಗ್ಗೆ ವಿಶೇಷ ಗಮನ ಕೊಟ್ಟರು ಅನ್ನುವುದೇ ಈ ತೊಂದರೆ ನಿಜ ಅನ್ನುವುದಕ್ಕೆ ಸಾಕ್ಷಿ. ಅಲ್ಲಿ ಎದುರಾಗುವ ಹುಡುಗರಿಗೆ ಆ ದರ್ಜೆಯ ಕಾರಿನಲ್ಲಿ ಟೆಸ್ಟಿಂಗ್ ಮಾಡಿ ರೂಢಿಯಾಗಿರುತ್ತದೆ. ಚಾಡ್ವಿಕ್ 2023ರಲ್ಲಿ ಅಮೆರಿಕದ ಇಂಡಿ ಎನ್‌ಎಕ್ಸ್‌ಟಿಗೆ ಹೋದರು; ಅದು ಅಲ್ಲಿನ ಇಂಡಿಕಾರ್ ರೇಸ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಸರಣಿ. ಮೊದಲ ವರ್ಷ ಒಂದು ಪೋಡಿಯಂ (ಮೊದಲ ಮೂರರಲ್ಲಿ ಸ್ಥಾನ) ಕೂಡ ಇಲ್ಲ. ಎರಡನೇ ವರ್ಷ ರೋಡ್ ಅಮೆರಿಕ ಟ್ರ್ಯಾಕಿನಲ್ಲಿ ಪೋಲ್‌ನಿಂದ ಹೊರಟು ರೇಸ್ ಗೆದ್ದರು. ಮೊದಲ ವರ್ಷ ನೋಡಿಯೇ ವಾಪಸ್ ಕಳಿಸಿದ್ದರೆ ಆ ಗೆಲುವು ಬರುತ್ತಿತ್ತಾ?

ಎಫ್1 ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ ಮೂರು ವರ್ಷದೊಳಗೆ 40 ಲೈಸೆನ್ಸ್ ಪಾಯಿಂಟ್ ಸೇರಬೇಕು; ಇವು ರೇಸ್ ಪಾಯಿಂಟ್‌ಗಳಲ್ಲ. ಎಫ್1 ಅಕಾಡೆಮಿ ಚಾಂಪಿಯನ್‌ಗೆ ಸಿಗುವುದು 10. ಉಳಿದದ್ದನ್ನು ಹುಡುಗರ ಜೊತೆಗೇ ಗಳಿಸಬೇಕು, ಅದು ಸರಿಯೂ ಹೌದು. ಆದರೆ ಅದಕ್ಕೆ ಸೀಟಿನಲ್ಲಿ ಉಳಿದಿರಬೇಕಲ್ವಾ?

ಕಾರಿಗೆ ತಮ್ಮ ಬಣ್ಣ ಬಳಿದು ಫೋಟೊ ತೆಗೆಸಿಕೊಳ್ಳುವ ಎಫ್1 ತಂಡಗಳಿಗೆ ನಾನು ಹೇಳುವುದು ಇಷ್ಟೇ. ಅಗ್ರ ಮೂವರಿಗೂ ಮುಂದಿನ ಮೆಟ್ಟಿಲಿನಲ್ಲಿ ಎರಡು ವರ್ಷದ ಸೀಟು ಕೊಡಿ. ಟೆಸ್ಟಿಂಗ್ ದಿನಗಳ ಖರ್ಚನ್ನೂ ಅದರಲ್ಲೇ ಸೇರಿಸಿ. ನಿಮ್ಮ ಒಟ್ಟು ಬಜೆಟ್ಟಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.