33 ಅಡಿಯ ಚೈನೂ ಇದೆ
ಅಳತೆಗಳ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಚೈನು (ಜಮೀನು ಅಳೆಯುವ ಸರಪಳಿ) ಅಂದ್ರೆ 66 ಅಡಿ ಅಂತ ಹೇಳಿ ಮೀಟರಿಗೆ ಇಳಿಸಿದ್ದೀರಿ. ಅದು ಗುಂಟರ್ ಅನ್ನುವವರ ಹೆಸರಿನ ಇಂಗ್ಲಿಷ್ ಚೈನು, ಲೆಕ್ಕ ಸರಿಯಾಗಿಯೇ ಇದೆ. ಆದರೆ ಶಿರಸಿ, ಕುಮಟಾ ಕಡೆಯ ಹಳೆ ಜಮೀನು ನಕ್ಷೆಗೂ ಅದನ್ನೇ ಹಚ್ಚಬೇಡಿ ಮಾರಾಯ್ರೇ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು, ಅಲ್ಲಿಯ ಕಂದಾಯ ಮೋಜಣಿಯ ಚೈನು 33 ಅಡಿಯದು, ಅದರಲ್ಲಿ ಆಣೆ ಅನ್ನುವ 16 ಸಮಭಾಗ, ಅಂದ್ರೆ ಒಂದು ಆಣೆಗೆ ಎರಡು ಅಡಿ ಮುಕ್ಕಾಲು ಇಂಚು. ಚೈನಿಗೆ ಚೈನು ಗುಣಿಸಿದರೆ 1089 ಚದರಡಿ. ಅದೇ ನಮ್ಮ ಗುಂಟೆ, ಅಂಥ 40 ಸೇರಿದರೆ ಎಕರೆ. ಅಲ್ಲಿ 66 ಹಿಡಿದರೆ ಒಂದು ಗುಂಟೆ ಅಡಿಕೆ ತೋಟ ಕಾಗದದ ಮೇಲೆ ನಾಲ್ಕು ಗುಂಟೆ ಆಗಿಬಿಡುತ್ತದೆ! ಪಕ್ಕದ ತೋಟದವರು ಸುಮ್ನೆ ಬಿಡುತ್ತಾರಾ? ಕಾರವಾರದ ಕಡಲ ಆಳದ ಫ್ಯಾದಮ್‌ಗೆ ಈ ತಕರಾರಿಲ್ಲ, ಆರು ಅಡಿ, ಹೆಚ್ಚುಕಡಿಮೆ ಒಂದು ಮಾರು.