ನಡುವೆ ಏನು ಮಾಡ್ತಿದ್ರಿ?

ರೆಸ್ಯೂಮೆಯ ಮೇಲೆ ಸರಸರ ಓಡುತ್ತಿದ್ದ ಪೆನ್ನು ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ಅದು ನಿಂತ ಜಾಗದಲ್ಲಿ ಅಕ್ಷರವೇ ಇರುವುದಿಲ್ಲ. ಹತ್ತು ವರ್ಷದ ದುಡಿಮೆಯನ್ನು ಎರಡು ಪುಟಕ್ಕೆ ಇಳಿಸಿ ತಂದಿದ್ದರೂ ಎದುರಿಗೆ ಕೂತವರಿಗೆ ಕಾಣುವುದು ಬರೆಯದೇ ಬಿಟ್ಟ ಏಳು ತಿಂಗಳು ಮಾತ್ರ. "ಈ ನಡುವೆ ಏನು ಮಾಡ್ತಿದ್ರಿ?"

ಕೇಳಿದವರಿಗೆ ಅದರಲ್ಲಿ ಅಂಥ ಕುತೂಹಲವೇನೂ ಇರುವುದಿಲ್ಲ. ಪಟ್ಟಿಯಲ್ಲಿದೆ, ಕೇಳುತ್ತಾರೆ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು. ಉತ್ತರ ಕಂಪನಿಯ ನಷ್ಟದಿಂದ ಹೊರಟು, ಹಳೆಯ ಮ್ಯಾನೇಜರನ ಸಿಟ್ಟನ್ನು ಹಾದು, ಸೋದರಮಾವನ ಮಂಡಿ ಆಪರೇಶನ್‌ವರೆಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಕೇಳುವವರು ಸುಮ್ಮನಿರುತ್ತಾರೆ, ಏಕೆಂದರೆ ಬರೆದುಕೊಳ್ಳುತ್ತಿದ್ದಾರೆ. ನಂಬಿಲ್ಲವೆಂದು ಭಾವಿಸಿದ ಅಭ್ಯರ್ಥಿ ಇನ್ನೊಂದು ಮಂಡಿಯ ಕಥೆ ಶುರುಮಾಡುತ್ತಾನೆ. ಕೆಲಸ ಕೈತಪ್ಪುವುದು ಹೆಚ್ಚಾಗಿ ಈ ಎರಡನೇ ಮಂಡಿಯಲ್ಲಿ.

ಮಾತಾಡುವುದಕ್ಕೂ ಮೊದಲು, ಕಾಗದದ ಮೇಲೆ ಹಾಕುವ ತೇಪೆಗಳನ್ನು ನೋಡೋಣ. ಎಲ್ಲರಿಗೂ ಹೊಳೆಯುವ ಮೊದಲ ಉಪಾಯ ತಿಂಗಳು ಅಳಿಸಿ ವರ್ಷ ಮಾತ್ರ ಇಡುವುದು. '2021–2022' ಎಂದರೆ ಡಿಸೆಂಬರ್ ಒಂದು, ಜನವರಿ ಒಂದು, ಒಟ್ಟು ಎರಡೇ ತಿಂಗಳಿರಬಹುದು. ಭರ್ತಿ 24 ತಿಂಗಳೂ ಇರಬಹುದು. ಇದು ಓದುವವರಿಗೂ ಗೊತ್ತು. ಎಲ್ಲ ಕೆಲಸಕ್ಕೂ ವರ್ಷ ಮಾತ್ರ ಇದ್ದರೆ ಕಣ್ಣು ಹಾಗೇ ದಾಟೀತು. ನಾಲ್ಕಕ್ಕೆ ತಿಂಗಳು ಹಾಕಿ ಒಂದಕ್ಕೆ ಮಾತ್ರ ಬಿಟ್ಟರೆ, ಅಲ್ಲಿಗೇ ಬಾಣದ ಗುರುತು ಹಾಕಿಕೊಟ್ಟಂತೆ. ಅಷ್ಟಾಗಿಯೂ ಉಳಿದರೆ, ಕೊನೆಗೆ ಬರುವ, ಹೇಳಿದ್ದು ನಿಜವೇ ಎಂದು ತಾಳೆ ನೋಡುವ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರ್ಮು ಸೇರಿದ ದಿನ, ಬಿಟ್ಟ ದಿನ ಎಂದು ದಿನಾಂಕವನ್ನೇ ಕೇಳುತ್ತದೆ.

ಎರಡನೇ ತೇಪೆ, ಕೆಲಸಗಳ ಪಟ್ಟಿಯನ್ನು ಮೂಲೆಗೆ ಸರಿಸಿ ಕೌಶಲಗಳನ್ನು ಮೇಲೆ ಮೆರೆಸುವ ರೆಸ್ಯೂಮೆ. ಇದಕ್ಕೆ ಘನವಾದ ಪರಂಪರೆಯಿದೆ. ಸುಮಾರು 1482ರಲ್ಲಿ ಲಿಯೊನಾರ್ಡೊ ಡಾ ವಿಂಚಿ ಇಟಲಿಯ ಮಿಲಾನನ್ನು ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೋರಿ ಒಂದು ಪತ್ರದ ಕರಡು ಮಾಡಿದ. ಹಗುರವಾದ ಸೇತುವೆ ಕಟ್ಟಬಲ್ಲೆ, ಫಿರಂಗಿ ಮಾಡಬಲ್ಲೆ ಎಂದು ಅಂಶ ಅಂಶವಾಗಿ ಪಟ್ಟಿ ಕೊಟ್ಟು, ಚಿತ್ರವನ್ನೂ ಬರೆಯಬಲ್ಲೆ ಎಂಬುದನ್ನು ಕೊನೆಯಲ್ಲಿ ಸೇರಿಸಿದ. ಎಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ಎಂಬ ಸುದ್ದಿಯೇ ಅದರಲ್ಲಿಲ್ಲ. ಅವನಿಗೆ ಅದು ನಡೆಯಿತು. ಇಂದು ಅಂಥ ರೆಸ್ಯೂಮೆ ಕೈಗೆ ಬಂದರೆ ನೇಮಕಾತಿಯವರು ನೇರವಾಗಿ ಕೊನೆಯ ಪುಟಕ್ಕೆ ಹೋಗಿ ದಿನಾಂಕ ಹುಡುಕುತ್ತಾರೆ. ರೆಸ್ಯೂಮೆ ಸೋಸುವ ತಂತ್ರಾಂಶಕ್ಕೂ ಯಾವ ಕೌಶಲ ಯಾವ ಕೆಲಸದ್ದೆಂದು ಜೋಡಿಸಲು ಕಷ್ಟ.

ಮೂರನೆಯದು 'ಸ್ವತಂತ್ರ ಸಲಹೆಗಾರ' ಎಂಬ ಬಿರುದು. ಯಾರಿಗಾದರೂ ಒಂದು ಕೆಲಸ ಮಾಡಿಕೊಟ್ಟಿದ್ದರೆ ಧಾರಾಳವಾಗಿ ಬರೆಯಿರಿ, ಏನು ಮಾಡಿದಿರಿ ಎಂಬುದನ್ನೂ ಬರೆಯಿರಿ. ಇಲ್ಲವಾದರೆ "ಯಾರಿಗೆ ಸಲಹೆ ಕೊಟ್ರಿ?" ಎಂಬ ಮುಂದಿನ ಪ್ರಶ್ನೆಗೆ ಮನೆಯವರ ಹೆಸರು ಹೇಳಬೇಕಾಗುತ್ತದೆ.

ಇದಕ್ಕಿಂತ ಒಂದು ಸಾಲು ನೇರವಾಗಿ ಬರೆಯುವುದು ಅಗ್ಗ. ಒಂದೆರಡು ತಿಂಗಳ ಗ್ಯಾಪನ್ನು ಯಾರೂ ಎಣಿಸುವುದಿಲ್ಲ, ಸುಮ್ಮನಿರಿ. ಆರು ತಿಂಗಳು ದಾಟಿದ್ದರೆ ಕೆಲಸಗಳ ನಡುವೆಯೇ 'ಮನೆಯವರ ಆರೈಕೆ, ಮಾರ್ಚ್–ಅಕ್ಟೋಬರ್ 2023' ಎಂದು ಹಾಕಿ. ಉದ್ಯೋಗಿಗಳ ಜಾಲತಾಣವಾದ ಲಿಂಕ್ಡ್‌ಇನ್ 2022ರಲ್ಲಿ ಇದಕ್ಕೆಂದೇ ಒಂದು ಜಾಗ ಮಾಡಿತು, 13 ಬಗೆಯ ವಿರಾಮಗಳ ಪಟ್ಟಿ ಸಮೇತ. ಅಲ್ಲಿನ ತಾರೀಖೂ ರೆಸ್ಯೂಮೆಯ ತಾರೀಖೂ ಒಂದೇ ಆಗಿರಬೇಕು, ಅಷ್ಟೆ. ರೆಸ್ಯೂಮೆಯಲ್ಲಿ ಜೂನ್, ಪ್ರೊಫೈಲಿನಲ್ಲಿ ಆಗಸ್ಟ್ ಇದ್ದರೆ ಗ್ಯಾಪು ಗೌಣ. ನಿಮ್ಮ ಮಾತು ನಿಜವೇ ಎಂಬುದು ಪ್ರಶ್ನೆ.

ಚುಟುಕು ಕೆಲಸಗಳದ್ದು ಬೇರೆ ಪಂಚಾಯ್ತಿ. ಗುತ್ತಿಗೆಯ ಕೆಲಸವಾಗಿದ್ದರೆ ಹುದ್ದೆಯ ಪಕ್ಕದಲ್ಲೇ 'ಗುತ್ತಿಗೆ, 6 ತಿಂಗಳು' ಎಂದರೆ ಮುಗಿಯಿತು. ಈ ಎರಡು ಪದ ಹಾಕದೆ, ಆರಾರು ತಿಂಗಳಿಗೆ ಕಂಪನಿ ಬಿಟ್ಟೋಡುವವರೆಂಬ ಹೆಸರು ಹೊತ್ತವರು ಬಹಳ. ಒಂದೇ ಏಜೆನ್ಸಿಯ ಮೂಲಕ ಮೂರು ಕಡೆ ದುಡಿದಿದ್ದರೆ ಏಜೆನ್ಸಿಯ ಹೆಸರಿನಡಿ ಮೂರನ್ನೂ ಸೇರಿಸಿ. ಇಡೀ ತಂಡವನ್ನೇ ತೆಗೆದಿದ್ದರೆ 'ತಂಡ ಮುಚ್ಚಲಾಯಿತು' ಎಂದು ಬರೆಯಿರಿ, ಒಬ್ಬರನ್ನೇ ತೆಗೆದರೆಂದು ಅವರೇಕೆ ಊಹಿಸಬೇಕು?

ಐದು ವಾರ ಮಾಡಿ ಬಿಟ್ಟ ಕೆಲಸವನ್ನು ಏನು ಮಾಡುವುದು? ರೆಸ್ಯೂಮೆ ಜಾತಕವಲ್ಲ, ಬರೆಯದೆ ಬಿಡಬಹುದು. ಬಿಡುವ ಮುನ್ನ ಲೆಕ್ಕ ಹಾಕಿ. ಮಾರ್ಚ್ 31ಕ್ಕೆ ಒಂದು ಕೆಲಸ ಬಿಟ್ಟು, ಏಪ್ರಿಲ್ 15ರಿಂದ ಮೇ 20ರವರೆಗೆ ಇದನ್ನು ಮಾಡಿ, ಸೆಪ್ಟೆಂಬರ್ 1ಕ್ಕೆ ಮುಂದಿನದಕ್ಕೆ ಸೇರಿದ್ದೀರಿ ಎನ್ನೋಣ. ಬರೆದರೆ ಎರಡು ಗ್ಯಾಪು, ಜೊತೆಗೆ ಐದೇ ವಾರಕ್ಕೆ ಏಕೆ ಬಿಟ್ಟಿರಿ ಎಂಬ ಮೂರನೇ ಪ್ರಶ್ನೆ. ಬಿಟ್ಟರೆ ಐದು ತಿಂಗಳ ಒಂದೇ ಗ್ಯಾಪು, ಒಂದೇ ಉತ್ತರ. ನನ್ನ ಮತ ಎರಡನೆಯದಕ್ಕೆ. ಆದರೆ 'ಮಾಡಿದ ಎಲ್ಲ ಕೆಲಸಗಳನ್ನೂ ನಮೂದಿಸಿ' ಎಂದು ಸಹಿ ಹಾಕಿಸಿಕೊಳ್ಳುವ ಫಾರ್ಮಿನಲ್ಲಿ ಆ ಐದು ವಾರ ಇರಲೇಬೇಕು. ಸಂದರ್ಶನದಲ್ಲಿ ನೇರವಾಗಿ ಕೇಳಿದರೂ ಹೇಳಲೇಬೇಕು.

ಬಿಟ್ಟ ಕಾರಣಕ್ಕೆ 'ಉತ್ತಮ ಅವಕಾಶಕ್ಕಾಗಿ' ಎಂದು ಬರೆದು, ಆಮೇಲೆ ಒಂಬತ್ತು ತಿಂಗಳು ಮನೆಯಲ್ಲಿದ್ದರೆ ಅವಕಾಶ ಎಲ್ಲಿ ಹೋಯಿತೆಂದು ಕೇಳುತ್ತಾರೆ. 'ವೈಯಕ್ತಿಕ ಕಾರಣ' ಎಂದರೆ ಅವರ ಕಲ್ಪನೆಗೆ ರೆಕ್ಕೆ. ಕಾಯಿಲೆಯಾಗಿದ್ದರೆ ಅದರ ಹೆಸರು, ಸ್ಕ್ಯಾನು, ಮಾತ್ರೆ ಯಾವುದೂ ಬೇಡ: ಆರೋಗ್ಯ ಕೆಟ್ಟಿತ್ತು, ಈಗ ಸರಿಹೋಗಿದೆ, ಕೆಲಸಕ್ಕೆ ಅಡ್ಡಿಯಿಲ್ಲ. ಕೆಲಸದಿಂದ ತೆಗೆದಿದ್ದರೆ 'ನಾನೇ ಬಿಟ್ಟೆ' ಎನ್ನಬೇಡಿ. ಹಳೆಯ ಕಚೇರಿಗೆ ಒಂದು ಫೋನು ಹೋದರೆ ಕಥೆ ಬಯಲು.

ಇನ್ನು ಬಾಯಲ್ಲಿ ಹೇಳುವ ಉತ್ತರ: ಮೂರು ವಾಕ್ಯ, ಮೂವತ್ತು ಸೆಕೆಂಡು. ಏನಾಯಿತು, ಆ ಹೊತ್ತಿನಲ್ಲಿ ಏನು ಮಾಡಿದಿರಿ, ಈಗ ಈ ಕೆಲಸ ಏಕೆ. ಎರಡನೆಯದಕ್ಕೆ ಅರ್ಧಂಬರ್ಧ ನೋಡಿದ ಆರು ಆನ್‌ಲೈನ್ ಕೋರ್ಸುಗಳಿಗಿಂತ ಮುಗಿಸಿದ ಒಂದು ಸಾಕು. ಮೂರನೆಯದು ಆ ಹುದ್ದೆಯ ಕುರಿತೇ ಇರಬೇಕು, ಏಕೆಂದರೆ ಕೇಳುವವರು ಮುಂದಿನ ಪ್ರಶ್ನೆ ಹುಟ್ಟಿಸುವುದು ನಿಮ್ಮ ಮಾತಿನ ಬಾಲ ಹಿಡಿದು. ಮಂಡಿಯಲ್ಲಿ ನಿಲ್ಲಿಸಿದರೆ ಮಂಡಿಯ ಬಗ್ಗೆ ಕೇಳುತ್ತಾರೆ, ಡೇಟಾಬೇಸಿನಲ್ಲಿ ನಿಲ್ಲಿಸಿದರೆ ಡೇಟಾಬೇಸಿನ ಬಗ್ಗೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೂವತ್ತು ಸೆಕೆಂಡೆಂದು ಹೊರಟದ್ದು ಮೊದಲ ಸಲ ಎರಡು ನಿಮಿಷವಾದರೆ ಆಶ್ಚರ್ಯವಿಲ್ಲ. ಎಚ್‌ಆರ್‌ಗೆ ಹೇಳಿದ್ದನ್ನೇ ಮ್ಯಾನೇಜರಿಗೂ ಹೇಳಿ, ಇಬ್ಬರೂ ಆಮೇಲೆ ಟಿಪ್ಪಣಿ ಹೋಲಿಸುತ್ತಾರೆ. ಮುಗಿಸಿದ ಮೇಲೆ ಬಾಯಿಗೆ ಬೀಗ. ಅವರು ಎಷ್ಟು ಹೊತ್ತು ಬೇಕಾದರೂ ಬರೆದುಕೊಳ್ಳಲಿ.

ಕೊನೆಗೆ "ನೀವೇನಾದ್ರೂ ಕೇಳೋದಿದೆಯಾ?" ಎನ್ನುತ್ತಾರೆ. ಇದೆ. ಈ ಹುದ್ದೆ ಎಷ್ಟು ತಿಂಗಳಿಂದ ಖಾಲಿಯಿದೆ, ಇದಕ್ಕೆ ಮುಂಚೆ ಇದ್ದವರು ಎಷ್ಟು ದಿನ ಇದ್ದರು, ಏಕೆ ಬಿಟ್ಟರು ಎಂದು ವಿನಯದಿಂದ ಕೇಳಿ. ಆಗ ಪೆನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ಅದು... ಅವರದೇನೋ ವೈಯಕ್ತಿಕ ಕಾರಣ" ಎಂದರೆ, ನಿಮಗೂ ಸುಮ್ಮನೆ ಬರೆದುಕೊಳ್ಳುವ ಅವಕಾಶವಿದೆ.