ಇಟಲಿಯ ಬೈಕ್ ತಗೊಳ್ಳಬಹುದು, ಜುಲೈಯಲ್ಲಿ ಕೆಟ್ಟರೆ ಬಿಚ್ಚುವವರು ಯಾರು?

ಮೊನ್ನೆ ಕಲ್ಲಡ್ಕದಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯುತ್ತಾ ನಿಂತಿದ್ದೆ. ಒಂದು ಪಿಕಪ್ ಬಂತು. ಹಿಂದೆ ಕೆಂಪು ಬಣ್ಣದ ಇಟಾಲಿಯನ್ ಬೈಕ್. ಯಾವ ಕಂಪೆನಿ ಅಂತ ಇಲ್ಲಿ ಬೇಡ. ನಾಲ್ಕೂ ಕಡೆಯಿಂದ ಹಗ್ಗ ಬಿಗಿದಿದ್ದರು. ಟ್ಯಾಂಕಿನ ಪೇಂಟ್ ಉಜ್ಜಿ ಹೋಗಬಾರದು ಅಂತ ಹಗ್ಗದ ಅಡಿಗೆ ಬೈರಾಸು ಮಡಚಿ ಇಟ್ಟಿದ್ದರು. ಮಾತಾಡಿಸಿದೆ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗ್ತದೆ, ಗೇರ್ ಹಾಕಿದ ಕೂಡಲೇ ಆಫ್ ಆಗ್ತದೆ ಅಂದರು. ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ನೀರು ಹೋಗಿರಬೇಕು ಅಂತ ಅವರಿಗೇ ಗೊತ್ತು. ಆದರೆ ವಾರಂಟಿ ಇರುವ ಗಾಡಿ. ಹೊರಗಿನವರ ಕೈಗೆ ಕೊಡಲು ಹೆದರಿಕೆ. ಒಂದು ಸ್ವಿಚ್ಚಿಗೋಸ್ಕರ ಬೆಂಗಳೂರಿಗೆ ಹೊರಟಿದ್ದರು!

ಅಲ್ಲಿಂದ ನನಗೆ ಸಿಟ್ಟು ಇಳಿದೇ ಇಲ್ಲ. ಯಾಕೆ ಅಂದರೆ ಈ ವರ್ಷ ನಾನೂ ಬೈಕ್ ತಗೊಳ್ಳಬೇಕು ಅಂತ ಕೂತವನು. ಎರಡು ಇಟಾಲಿಯನ್ ಗಾಡಿ ತಲೆಯಲ್ಲಿವೆ. ಮಣಿಪಾಲದಲ್ಲಿ ಮಾರಾಟಕ್ಕಿರುವ ಹಳೆಯ ಡುಕಾಟಿ ಮಾನ್‌ಸ್ಟರ್ 821 ಒಂದು. ಹೊಸ ಎಪ್ರಿಲಿಯಾ ಟುವೊನೊ 457 ಇನ್ನೊಂದು.

ವಿಷಯ ಹೇಳಿದ ಕೂಡಲೇ ಎಲ್ಲರೂ ಕೇಳುವುದು ಅದೇ ಮೂರು ಪ್ರಶ್ನೆ. ರೇಟ್ ಎಷ್ಟು? ಮೈಲೇಜ್ ಎಷ್ಟು? ಮಾರುವಾಗ ಎಷ್ಟು ಸಿಗ್ತದೆ? ನಮ್ಮ ಭಾವ ಅಂತೂ "ಅಷ್ಟು ದುಡ್ಡಿಗೆ ಒಂದು ಕಾರೇ ಬರ್ತದಲ್ಲ ಮಾರಾಯ" ಅಂದರು. ಬರ್ತದೆ ಭಾವ. ನನಗೆ ಕಾರು ಬೇಡ. ಪಿಯುಸಿಯಲ್ಲಿದ್ದಾಗ ಕಪಾಟಿನ ಬಾಗಿಲ ಒಳಗೆ ಡುಕಾಟಿ 916ರ ಚಿತ್ರ ಅಂಟಿಸಿಕೊಂಡವನು ನಾನು. 1994ರ ಗಾಡಿ ಅದು, ಮಾಸಿಮೊ ತಾಂಬುರಿನಿ ಮಾಡಿದ ಡಿಸೈನ್. ಸೀಟಿನ ಅಡಿಯಿಂದ ಹೊರಗೆ ಬರುವ ಆ ಎರಡು ಸೈಲೆನ್ಸರ್ ನೋಡಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಇದು ಶೋಕಿ ಅಲ್ಲ. ಅಷ್ಟು ವರ್ಷದಿಂದ ಮನಸ್ಸಲ್ಲಿ ಇಟ್ಟುಕೊಂಡದ್ದು.

ಅದಕ್ಕೇ ನಾನು ಕೇಳುವುದು ಒಂದೇ ಪ್ರಶ್ನೆ. ಜುಲೈ ತಿಂಗಳ ಮಳೆಯಲ್ಲಿ ಪಡುಬಿದ್ರಿಯಲ್ಲೋ ಸುರತ್ಕಲ್‌ನಲ್ಲೋ ಗಾಡಿ ನಿಂತರೆ ಬಿಚ್ಚುವವರು ಯಾರು?

ಮಾನ್‌ಸ್ಟರ್ ವಿಷಯವೇ ನೋಡಿ. ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವುದು ಕ್ಯಾಮ್ (ತಿರುಗುವ ಉಬ್ಬು), ಮುಚ್ಚುವುದು ಸ್ಪ್ರಿಂಗ್. ಡುಕಾಟಿಯ ಡೆಸ್ಮೊ ಅನ್ನುವ ವ್ಯವಸ್ಥೆಯಲ್ಲಿ ಮುಚ್ಚುವುದಕ್ಕೂ ಕ್ಯಾಮ್, ಅದಕ್ಕೇ ಬೇರೆ ರಾಕರ್ (ಸನ್ನೆ). ಎಂಜಿನಿಯರ್ ಫಾಬಿಯೊ ತಾಲಿಯೋನಿ 1956ರಲ್ಲಿ ಡುಕಾಟಿಯ ರೇಸ್ ಬೈಕಿಗೆ ತಂದದ್ದು ಇದನ್ನೇ. ಕೆಲಸ ಅದ್ಭುತ, ಒಪ್ಪುತ್ತೇನೆ. ಆದರೆ 821ರಲ್ಲಿ ಎಂಟು ವಾಲ್ವ್. ಒಂದೊಂದಕ್ಕೂ ತೆರೆಯುವ ಗ್ಯಾಪ್ ಬೇರೆ, ಮುಚ್ಚುವ ಗ್ಯಾಪ್ ಬೇರೆ. ಒಟ್ಟು ಹದಿನಾರು ಕಡೆ ಅಳೆಯಬೇಕು, ಬೇಕಾದಲ್ಲಿ ಶಿಮ್ (ಗ್ಯಾಪ್ ಸರಿಮಾಡುವ ಸಣ್ಣ ಲೋಹದ ತುಂಡು) ಬದಲಿಸಬೇಕು. ಈ ದೊಡ್ಡ ಸರ್ವಿಸ್ 30,000 ಕಿ.ಮೀ.ಗೆ ಒಮ್ಮೆ.

30,000 ಅಂದರೆ ಬೇಕಾದಷ್ಟಾಯಿತಲ್ಲ ಅಂತೀರಿ. ಭಾನುವಾರ ಮಾತ್ರ ಹೊರಗೆ ತೆಗೆಯುವವರಿಗೆ ಸರಿ. ನಾನು ಕೆಲಸಕ್ಕೆ ಉಡುಪಿಯಿಂದ ಮಂಗಳೂರಿಗೆ ಬೈಕಿನಲ್ಲೇ ಹೋಗಿ ಬರುವವನು. ದಿನಕ್ಕೆ 110 ಕಿ.ಮೀ.ಗೆ ಕಡಿಮೆ ಇಲ್ಲ. ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಎಂಜಿನ್ ಬಿಚ್ಚಿಸಬೇಕು. ಈ ಕೆಲಸ ಕಲಿತವರ ಕೈಗೇ ಕೊಡಬೇಕು ಅಂದರೆ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಕೊಚ್ಚಿಗೆ. ಮಂಗಳೂರಿನಿಂದ ಬೆಂಗಳೂರಿಗೇ 350 ಕಿ.ಮೀ. ಆಯಿತು. ಮಧ್ಯದಲ್ಲಿ ಶಿರಾಡಿ ಘಾಟಿ. 2024ರ ಜುಲೈ ನೆನಪುಂಟಲ್ಲ? ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ರಸ್ತೆ ಬಂದ್. ಅದೇ ಹೊತ್ತಿಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣು ಕುಸಿದು ರೈಲೂ ಬಂದ್. ಗಾಡಿ ಇಲ್ಲಿ, ಮೆಕ್ಯಾನಿಕ್ ಘಟ್ಟದ ಮೇಲೆ. ಎಂತ ಮಾಡುವುದು?

ನಮ್ಮ ಊರಿನ ಮೆಕ್ಯಾನಿಕ್‌ಗಳ ಕೈ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಸದ್ದು ಕೇಳಿಯೇ ಟೈಮಿಂಗ್ ಚೈನ್ ಸಡಿಲ ಆಗಿದೆ ಅಂತ ಹೇಳುವವರು ಕಾಪುವಿನಲ್ಲೇ ಇದ್ದಾರೆ. ಆದರೆ ಅವರ ಹತ್ತಿರ ಶಿಮ್ ಇಲ್ಲ, ಈ ಗಾಡಿಗೆಂದೇ ಮಾಡಿದ ಸ್ಕ್ಯಾನರ್ ಇಲ್ಲ. ಅದನ್ನು ಕೊಡಿಸಿ ಕಲಿಸುವವರೂ ಇಲ್ಲ.

"ಕರಾವಳಿಯಲ್ಲಿ ಅಷ್ಟು ಗಿರಾಕಿ ಇಲ್ಲ ಸರ್, ಸರ್ವಿಸ್ ಸೆಂಟರ್ ಹಾಕಿದರೆ ಗಿಟ್ಟುವುದಿಲ್ಲ" ಅಂತ ಬೆಂಗಳೂರಿನ ಒಂದು ಶೋರೂಮಿನವರು ಫೋನಿನಲ್ಲಿ ಹೇಳಿದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಸರ್ವಿಸ್ ಇಲ್ಲದ ಕಡೆ ಗಿರಾಕಿ ಎಲ್ಲಿಂದ ಬರಬೇಕು? ಸಂಜೆ ಮಣಿಪಾಲದ ಎಂಡ್ ಪಾಯಿಂಟ್ ಕಡೆ ಒಮ್ಮೆ ಬಂದು ನೋಡಲಿ, ಎಂತೆಂಥ ಗಾಡಿ ನಿಂತಿರ್ತದೆ ಅಂತ. ಪೂರ್ತಿ ಸೆಂಟರ್ ಬೇಡ. ತಿಂಗಳಿಗೊಮ್ಮೆ ಇಬ್ಬರು ಮೆಕ್ಯಾನಿಕ್, ಒಂದು ವ್ಯಾನ್ ಕಳಿಸಲಿ ಸಾಕು. ಜಿಎಸ್‌ಟಿ ನೋಡಿ, 350 ಸಿಸಿ ಮೇಲಿನ ಗಾಡಿಗೆ 2025ರ ಸೆಪ್ಟೆಂಬರಿನಿಂದ 40 ಪರ್ಸೆಂಟ್. ಮೇಲಿಂದ ರಾಜ್ಯದ ರೋಡ್ ಟ್ಯಾಕ್ಸ್. ಅಷ್ಟೆಲ್ಲ ಕೊಟ್ಟವನು ಒಂದು ಸ್ವಿಚ್ಚಿಗೆ ಘಟ್ಟ ಹತ್ತಬೇಕಾ?

ಮಾನ್‌ಸ್ಟರ್ ಬೇಡ ಅಂತ ತೀರ್ಮಾನ ಮಾಡಿದೆ. ಬರೆಯುವಾಗಲೇ ಸಂಕಟ ಆಗ್ತದೆ, ಆದರೂ ಬೇಡ.

ಉಳಿದದ್ದು ಟುವೊನೊ. 2025ರ ಫೆಬ್ರವರಿಯಲ್ಲಿ ಬಂದಾಗ ಎಕ್ಸ್ ಶೋರೂಮ್ 3.95 ಲಕ್ಷ ಇತ್ತು. ಡೆಸ್ಮೊ ಇಲ್ಲ, ಮಾಮೂಲಿ ವಾಲ್ವ್ ಸ್ಪ್ರಿಂಗ್. ತಯಾರಾಗುವುದು ಮಹಾರಾಷ್ಟ್ರದ ಬಾರಾಮತಿಯಲ್ಲಿ, ನಮ್ಮ ವೆಸ್ಪಾ ಬರುವುದೂ ಅಲ್ಲಿಂದಲೇ. ಎಂಜಿನ್ 270 ಡಿಗ್ರಿ ಕ್ರ್ಯಾಂಕಿನ ಟ್ವಿನ್, ಅಂದರೆ ಎರಡು ಸಿಲಿಂಡರಿನದ್ದು. ಸದ್ದು ಕೇಳಿದ್ದೇನೆ, ಮನಸ್ಸು ಸೋತಿದೆ. ಇಲ್ಲೇ ತಯಾರಾದದ್ದು, ಇಟಲಿಯದ್ದು ಹೇಗಾಗ್ತದೆ ಅಂತ ಕೆಲವರು ವಾದಕ್ಕೆ ಬರ್ತಾರೆ. ನನಗೆ ಅದೇ ದೊಡ್ಡ ಸಮಾಧಾನ. ಪಾರ್ಟ್ಸ್ ಪಕ್ಕದ ರಾಜ್ಯದಿಂದ ಬರಬೇಕು ಅಷ್ಟೇ, ಅಲ್ವಾ?

ಆದರೂ ಅಡ್ವಾನ್ಸ್ ಕೊಡುವ ಮೊದಲು ನಿಮ್ಮಿಂದ ಒಂದು ಉಪಕಾರ ಆಗಬೇಕು. ಎಪ್ರಿಲಿಯಾದ್ದೇ ಆರ್‌ಎಸ್ 457 ಅಥವಾ ಟುವೊನೊ ಇಟ್ಟುಕೊಂಡು ಕುಂದಾಪುರದಿಂದ ಕಾಸರಗೋಡಿನ ಒಳಗೆ ಒಂದು ಮಳೆಗಾಲ ಪೂರ್ತಿ ಓಡಿಸಿದವರು ಇದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಟಾಪ್ ಸ್ಪೀಡ್ ಬೇಡ, ಮೈಲೇಜ್ ಬೇಡ. ಬ್ರೇಕ್ ಪ್ಯಾಡ್, ಚೈನ್ ಸೆಟ್, ಬಿದ್ದು ಮುರಿದ ಲಿವರ್ ಎಷ್ಟು ದಿನಕ್ಕೆ ಬಂತು? ಉಪ್ಪುಗಾಳಿಗೆ ಯಾವುದು ಮೊದಲು ತುಕ್ಕು ಹಿಡಿಯಿತು? ವೈರಿಂಗಿಗೆ ನೀರು ಹೋದರೆ ನೋಡಿದವರು ಯಾರು? ಅವರ ಗ್ಯಾರೇಜ್ ಎಲ್ಲಿದೆ ಅಂತಲೂ ಹೇಳಿ.